ನೆಲದೊಳಗಿನ ಕಣಜ

ಗಣೇಶಗುಡಿಗೆ ಹೋದವರು ಸಾಮಾನ್ಯವಾಗಿ ನೋಡಿಬರುವುದು ಕಾಳಿ ನದಿಯ ಸೂಪಾ ಅಣೆಕಟ್ಟೆಯನ್ನು. 1987ರಲ್ಲಿ ಪೂರ್ಣಗೊಂಡ, 101 ಮೀಟರ್ ಎತ್ತರದ ಈ ಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣವೂ ಎಷ್ಟೋ ಗದ್ದೆಗಳೂ ಮುಳುಗಿದವು. ಆದರೆ ಇಲ್ಲಿನ ರೈತರು ನೆಲ ಕಳೆದುಕೊಂಡದ್ದು ಅದೇ ಮೊದಲಲ್ಲ.

ಜೋಯಿಡಾ ಸೀಮೆಯ ಕುಣಬಿಗಳು ಕೊಂಕಣಿ ಮಾತನಾಡುವ, ಕಾಡಿನ ನಡುವೆ ಬಾಳುವ ಜನ. ಅವರ ಹಿರಿಯರದು ಕುಮರಿ ಬೇಸಾಯ. ಕಾಡಿನ ಒಂದು ತುಂಡನ್ನು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಆ ಬೂದಿಯಲ್ಲಿ ರಾಗಿ ಮತ್ತಿತರ ಧಾನ್ಯ ಬಿತ್ತುತ್ತಿದ್ದರು. ಒಂದೆರಡು ಬೆಳೆ ತೆಗೆದ ಮೇಲೆ ಆ ಜಾಗವನ್ನು ಮತ್ತೆ ಕಾಡಾಗಲು ಬಿಡುತ್ತಿದ್ದರು. ತೇಗದ ಮೇಲೆ ಕಣ್ಣಿಟ್ಟಿದ್ದ ಬ್ರಿಟಿಷರಿಗೆ ಇದು ಬರೀ ನಾಶವಾಗಿ ಕಂಡಿತು. 1860ರಲ್ಲಿ ಮದರಾಸು ಸರ್ಕಾರವು ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ನಂತರವೂ ಕಟ್ಟುಪಾಡು ಸಡಿಲವಾಗಲಿಲ್ಲ. ಹಲವು ಧಾನ್ಯಗಳ ಹೊಲ ಕೈತಪ್ಪಿ, ಕಣಿವೆಯ ತುಂಡು ಭತ್ತದ ಗದ್ದೆಯೇ ಆಧಾರವಾಯಿತು.

ಒಂದೇ ಬೆಳೆಯನ್ನು ನಂಬಿದ ಮನೆಗೆ ಮಳೆ ಕೈಕೊಟ್ಟರೆ ಗತಿಯೇನು? ಕುಣಬಿಗಳ ಉತ್ತರ ಹಿತ್ತಿಲಿನಲ್ಲಿದೆ. ಮುಡ್ಲಿ, ಕೋನ, ಕಣಗ ಎಂದು ಅವರು ಕರೆಯುವ ಬಗೆಬಗೆಯ ಗೆಡ್ಡೆಗಳನ್ನು ಮಳೆಗಾಲದ ಆರಂಭದ ಹೊತ್ತಿಗೆ ನೆಟ್ಟರೆ, ಚಳಿಗಾಲಕ್ಕೆ ಅಗೆಯಲು ಸಿದ್ಧ. ಎಲ್ಲವನ್ನೂ ಒಮ್ಮೆಗೇ ಕೀಳಬೇಕಾಗಿಲ್ಲ. ಬೇಕಾದಾಗ ಬೇಕಾದಷ್ಟನ್ನು ಅಗೆದು, ಬೇಯಿಸಿ, ಸುಟ್ಟು ತಿನ್ನಬಹುದು. ಉಳಿದದ್ದಕ್ಕೆ ನೆಲವೇ ಕಣಜ.

ಇತ್ತೀಚಿನ ವರ್ಷಗಳಲ್ಲಿ ಈ ಕಣಜದ ಬೆಲೆ ಹೆಚ್ಚಿದೆ. 2019ರ ಆಗಸ್ಟ್‌ನಲ್ಲಿ ಕಾಳಿ ತೀರದ ಊರುಗಳಿಗೆ ನೀರು ನುಗ್ಗಿತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಒಮ್ಮೆ ಅತಿವೃಷ್ಟಿ, ಒಮ್ಮೆ ಅನಾವೃಷ್ಟಿ. ತೆನೆ ಬಲಿಯುವ ವೇಳೆಗೆ ಮಳೆ ತಪ್ಪಿದರೆ ಭತ್ತ ಜೊಳ್ಳಾಗುತ್ತದೆ. ಗೆಡ್ಡೆ ಸಣ್ಣದಾದೀತು, ಆದರೆ ಪೂರ್ತಿ ಕೈಬಿಡುವುದು ಕಡಿಮೆ.

ಹಾಗೆಂದು ಇದು ಎಲ್ಲಕ್ಕೂ ಮದ್ದಲ್ಲ. ಕಾಡುಹಂದಿಗೂ ಗೆಡ್ಡೆಯ ರುಚಿ ಗೊತ್ತು. ಪೇಟೆಯ ಕೆಲಸಕ್ಕೆ ಹೋದ ಮಕ್ಕಳಿಗೆ ಯಾವ ಗೆಡ್ಡೆಯನ್ನು ಯಾವಾಗ ನೆಡಬೇಕೆಂಬುದು ಮರೆತುಹೋಗಬಹುದು. ಜೋಯಿಡಾದಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳ ಈ ಬೆಳೆಗಳಿಗೆ ಗಿರಾಕಿಗಳನ್ನು ತಂದುಕೊಟ್ಟಿದೆ ನಿಜ. ಆದರೆ ಮೇಳದಲ್ಲಿ ಮಾರಿದ ಗೆಡ್ಡೆ ಊಟವಾಗುತ್ತದೆ. ಮುಂದಿನ ಮಳೆಗೆಂದು ಮನೆಯಲ್ಲಿ ಉಳಿಸಿಕೊಂಡದ್ದು ಮಾತ್ರ ಬೀಜವಾಗುತ್ತದೆ. ಕುಮರಿ ಹೋದರೂ, ಗದ್ದೆ ಮುಳುಗಿದರೂ ಉಳಿದುಬಂದ ಈ ಕಣಜ, ನೆಡುವ ಕೈಗಳಿಲ್ಲದೆ ಬರಿದಾಗಬಾರದು.