ಪರದೇಶದ ಬಿಡಿಭಾಗವೂ ನಮ್ಮ ಸೈಕಲ್ಲೂ

ವಾಕಡದ ಕಡೆ ಮನೆ ಮಾಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳ ತರುಣರಲ್ಲಿ ಈಚೆಗೆ ಒಂದು ಹೊಸ ಹವ್ಯಾಸ ಕಾಣತೊಡಗಿದೆ. ಅಂಗಡಿಯಲ್ಲಿ ಸಿದ್ಧವಾಗಿ ನಿಂತ ಸೈಕಲ್ಲನ್ನು ಕೊಳ್ಳದೆ, ಬರಿಯ ಚೌಕಟ್ಟನ್ನು ತಂದು, ಅದಕ್ಕೆ ಚಕ್ರ, ಹಬ್ಬು, ಸೀಟು, ಬ್ರೇಕುಗಳನ್ನು ಒಂದೊಂದಾಗಿ ಕೂಡಿಸಿ ತಮ್ಮದೇ ಸೈಕಲ್ಲನ್ನು ಕಟ್ಟಿಕೊಳ್ಳುವ ಹವ್ಯಾಸ ಅದು. ಕೆಲವರಂತೂ ಊರಿನ ಅಟ್ಟದಿಂದ ಅಜ್ಜನ ಕಾಲದ ಸೈಕಲ್ಲನ್ನೇ ಇಳಿಸಿ ತಂದು ಅದಕ್ಕೆ ಹೊಸ ಜೀವ ಕೊಡುವ ಉತ್ಸಾಹದಲ್ಲಿದ್ದಾರೆ. ಬೇಕಾದ ಭಾಗ ಜಪಾನಿನದೋ, ತೈವಾನಿನದೋ, ಇಂಗ್ಲೆಂಡಿನದೋ ಆಗಿರುತ್ತದೆ. ಅಲ್ಲಿಯ ಬೆಲೆ ಕಂಡು ಹಿಗ್ಗಿದವರು, ಸಾಗಣೆಯೂ ಸುಂಕವೂ ಕೂಡಿದ ಮೇಲಿನ ಬೆಲೆ ಕಂಡು ಕುಗ್ಗುತ್ತಾರೆ. 'ಪರದೇಶದ ಭಾಗ ಅಗ್ಗವಾಗಿ ಎಲ್ಲಿ ಸಿಕ್ಕೀತು?' ಎಂಬ ಪ್ರಶ್ನೆ ಆಗ ಏಳುತ್ತದೆ.

ಈ ಪ್ರಶ್ನೆಗೆ ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿದವನಿಗೆ ಯಾವ ಭಾಗವನ್ನು ಹೊರಗಿನಿಂದ ತರಿಸಬೇಕು, ಯಾವುದನ್ನು ಇಲ್ಲಿಯೇ ಹುಡುಕಬೇಕು ಎಂಬುದು ಅರ್ಧ ತಿಳಿದ ಹಾಗೆಯೇ. ಆದ್ದರಿಂದ ಅದನ್ನು ಇಲ್ಲಿ ಸ್ಥೂಲವಾಗಿ ನೆನೆಯೋಣ.

ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಸೈಕಲ್ಲುಗಳು ಬಹುತೇಕ ವಿಲಾಯತಿಯವೇ. ನಾಟಿಂಗ್‌ಹ್ಯಾಮಿನ ರ್‍ಯಾಲಿ, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಮತ್ತು ಹರ್ಕ್ಯುಲಿಸ್ ಇವು ನಮ್ಮ ಹಳ್ಳಿಗಳಲ್ಲಿಯೂ ಮನೆಮಾತಾಗಿದ್ದ ಹೆಸರುಗಳು. ಬಿ.ಎಸ್.ಎ. ಮೊದಲು ಬಂದೂಕದ ಕಂಪನಿ. 1861ರಲ್ಲಿ ಹುಟ್ಟಿದ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಎಂಬುದರ ಮೊದಲಕ್ಷರಗಳೇ ಆ ಹೆಸರು. ಅದರ ಮುದ್ರೆಯಲ್ಲಿದ್ದ ಮೂರು ಬಂದೂಕುಗಳನ್ನು ನಮ್ಮ ಹಿರಿಯರು ಎಷ್ಟೋ ಸಲ ಒರೆಸಿ ಹೊಳಪು ಮಾಡಿರಬಹುದು. ಆಗ ಸೈಕಲ್ಲೇ ಪರದೇಶದ್ದು. ಒಂದು ಕಾಟರ್ ಪಿನ್ನು ಸವೆದರೂ ಅದರ ಬದಲಿ ಹಡಗಿನಲ್ಲಿಯೇ ಬರಬೇಕು. 1932ರ ಒಟ್ಟಾವ ಒಪ್ಪಂದವು ಬ್ರಿಟಿಷ್ ಸಾಮ್ರಾಜ್ಯದ ಸರಕಿಗೆ ಸುಂಕದಲ್ಲಿ ರಿಯಾಯಿತಿ ಕೊಟ್ಟು ಇತರ ದೇಶಗಳ ಅಗ್ಗದ ಮಾಲನ್ನು ದೂರವಿರಿಸಲು ನೋಡಿತು.

ಸರಕಿನ ಜೊತೆಗೆ ಇಂಗ್ಲೆಂಡಿನ ಅಳತೆಗಳೂ ಬಂದು ನೆಲೆಸಿದುವು. 28 ಇಂಚಿಗೆ ಒಂದೂವರೆ ಇಂಚಿನ ಟಯರು, ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40, ಅರ್ಧ ಇಂಚಿನ ಕೊಂಡಿಯ ಚೈನು ಇವೆಲ್ಲ ಇಂಗ್ಲಿಷರು ಬಿಟ್ಟುಹೋದ ಲೆಕ್ಕ. ಇಂಗ್ಲೆಂಡಿನಲ್ಲಿಯೂ ಎಲ್ಲರದೂ ಒಂದೇ ಲೆಕ್ಕವಾಗಿರಲಿಲ್ಲ. ಪೆಡಲ್ಲಿನ ಅಚ್ಚು ಕೂರುವ ಕೊಳವೆಗೆ ಇತರರು ಇಂಚಿಗೆ 24 ಥ್ರೆಡ್ಡು ಹಾಕಿದರೆ ರ್‍ಯಾಲಿಯವರು 26 ಹಾಕುತ್ತಿದ್ದರು. ಗಿರಾಕಿ ಬೇರೆ ಅಂಗಡಿಗೆ ಹೋಗದಿರಲಿ ಎಂಬ ವ್ಯಾಪಾರದ ಜಾಣತನವೂ ಇಂಥ ಅಳತೆಗಳಲ್ಲಿ ಅಡಗಿರುತ್ತದೆ.

ಇನ್ನು ಜಪಾನಿನ ಕಡೆ ನೋಡೋಣ. ಒಸಾಕದ ಪಕ್ಕದ ಸಕಾಯಿ ಎಂಬ ಊರು ಶತಮಾನಗಳಿಂದ ಬಂದೂಕು, ಕತ್ತಿ, ಚಾಕುಗಳಿಗೆ ಹೆಸರಾದದ್ದು. ಅಲ್ಲಿಗೂ ವಿಲಾಯತಿ ಸೈಕಲ್ಲು ಬಂತು; ಕೆಟ್ಟಾಗ ಬಿಡಿಭಾಗ ಸಿಗದೆ ತೊಂದರೆಯಾಯಿತು. ಕಬ್ಬಿಣದ ಕೊಳವೆ ಕೊರೆದು ಪಳಗಿದ ಆ ಊರಿನ ಬಂದೂಕದ ಕಮ್ಮಾರರು ಸೈಕಲ್ಲಿನ ಬದಲಿ ಭಾಗಗಳನ್ನು ತಾವೇ ಮಾಡತೊಡಗಿದರು. ಮೊದಲನೆಯ ಮಹಾಯುದ್ಧದಲ್ಲಿ ಯುರೋಪಿನ ಸರಕು ನಿಂತಾಗ ಅವರ ಉದ್ಯೋಗ ಬೆಳೆಯಿತು. 1921ರಲ್ಲಿ ಅದೇ ಊರಿನಲ್ಲಿ ಶೋಜಬುರೊ ಶಿಮಾನೊ ಎಂಬವರು ಒಂದು ಕಾರ್ಖಾನೆ ತೆರೆದರು. ಅವರು ಮೊದಲು ಮಾಡಿದ ಸಾಮಾನು ಫ್ರೀವೀಲು ಒಂದೇ. ಇಂದು ನಮ್ಮ ತರುಣರು ಬಯಸುವ ಗೇರುಗಳ ಮೇಲೆ ಕಾಣುವ ಶಿಮಾನೊ ಎಂಬ ಹೆಸರಿನ ಮೂಲ ಇದು.

ನಮ್ಮಲ್ಲಿಯೂ ಇದೇ ಕಥೆ ನಡೆಯಿತು, ಸ್ವಲ್ಪ ತಡವಾಗಿ. 1939ರ ಹೊತ್ತಿಗೆ ಮುಂಬಯಿಯಲ್ಲಿ ಹಿಂದ್ ಸೈಕಲ್ಸ್ ಆರಂಭವಾಯಿತು. ಸ್ವಾತಂತ್ರ್ಯ ಬಂದ ವರ್ಷವೇ, ಎಂದರೆ 1947ರಲ್ಲಿ, ಆಮದು ರಫ್ತು ನಿಯಂತ್ರಣದ ಕಾಯಿದೆಯೂ ಬಂತು. ಪರವಾನಿಗೆಯಿಲ್ಲದೆ ಹೊರಗಿನ ಸರಕು ಬರುವಂತಿಲ್ಲ ಎಂದಾದಾಗ ಇಂಗ್ಲಿಷ್ ಕಂಪನಿಗಳು ಇಲ್ಲಿಯೇ ಪಾಲುದಾರರನ್ನು ಹುಡುಕಿದುವು. 1949ರಲ್ಲಿ ಮದರಾಸಿನ ಬಳಿ ಮುರುಗಪ್ಪ ಮನೆತನದವರು ಟಿ.ಐ. ಸೈಕಲ್ಸ್ ಸ್ಥಾಪಿಸಿದರು. ಬಂಗಾಳದ ಆಸನ್ಸೋಲಿನಲ್ಲಿ ಸೇನ್-ರ್‍ಯಾಲಿ, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್ ಬಂದುವು. ಇಂದಿನ ಪಾಕಿಸ್ತಾನದಲ್ಲಿರುವ ಕಮಾಲಿಯಾ ಊರಿನ ಮುಂಜಾಲ್ ಸಹೋದರರು ಸೈಕಲ್ಲಿನ ಬಿಡಿಭಾಗಗಳ ವ್ಯಾಪಾರದಿಂದ ಆರಂಭಿಸಿ, ಲುಧಿಯಾನಕ್ಕೆ ಬಂದು 1956ರಲ್ಲಿ ಹೀರೋ ಸೈಕಲ್ಸ್ ತೆರೆದರು. 1986ರಲ್ಲಿ ಅದು ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ಲು ತಯಾರಿಸುವ ಕಾರ್ಖಾನೆಯೆಂದು ಗಿನ್ನೆಸ್ ಪುಸ್ತಕಕ್ಕೆ ಸೇರಿತು.

ಈ ರಕ್ಷಣೆಯ ಗೋಡೆಯಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. 1950-51ರಲ್ಲಿ ದೇಶದಲ್ಲಿ ತಯಾರಾದ ಸೈಕಲ್ಲುಗಳು ಸುಮಾರು 1 ಲಕ್ಷ. ಐದು ವರ್ಷಗಳಲ್ಲಿ ಅದು 5 ಲಕ್ಷ ದಾಟಿತು. 1960-61ಕ್ಕೆ 10 ಲಕ್ಷ ಮುಟ್ಟಿತು. ಹಾಲು ಮಾರುವವನು, ಅಂಚೆಯವನು, ಹಳ್ಳಿಯ ಶಾಲಾಮಾಸ್ತರು ಸೈಕಲ್ಲೇರಿದ್ದು ಈ ಕಾರ್ಖಾನೆಗಳಿಂದಲೇ. ಪಂಚಾಯತಿಯ ಕಟ್ಟೆಯ ಪಕ್ಕದ ಶಾಪಿನಲ್ಲಿ ತಾಸಿನ ಬಾಡಿಗೆಗೆ ಸೈಕಲ್ಲು ಪಡೆದು, ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲ್ಲು ಹೊಡೆದ ಪೀಳಿಗೆ ನಮ್ಮ ಓದುಗರಲ್ಲಿ ಇನ್ನೂ ಇದೆ. ಬಿಡಿಭಾಗಗಳಂತೂ ಎಲ್ಲ ಊರಿನಲ್ಲಿಯೂ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದುವು.

ನಮ್ಮ ಪುಣೆಯೂ ಇದಕ್ಕೆ ಸಾಕ್ಷಿ. ಸೈಕಲ್ಲುಗಳ ನಗರವೆಂದು ಇದಕ್ಕೆ ಹೆಸರೇ ಇತ್ತು. ಖಡಕಿಯ ಮದ್ದುಗುಂಡಿನ ಕಾರ್ಖಾನೆ, 1954ರಲ್ಲಿ ಸ್ಥಾಪನೆಯಾದ ಪಿಂಪರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್, ಅನಂತರ ಆಕುರ್ಡಿಯ ಬಜಾಜ್ ಹೀಗೆ ಒಂದೊಂದಾಗಿ ಬೆಳೆದ ಕಾರ್ಖಾನೆಗಳ ಪಾಳಿ ಬಿಟ್ಟಾಗ ರಸ್ತೆಯ ತುಂಬ ಸೈಕಲ್ಲುಗಳೇ. ವಿಜಾಪುರ, ಕಲಬುರ್ಗಿ, ಬೆಳಗಾವಿಗಳಿಂದ ಕೆಲಸಕ್ಕೆ ಬಂದ ನಮ್ಮವರೂ ಆ ಸಾಲಿನಲ್ಲಿದ್ದರು. ಆಗ ವಾಕಡವು ಮುಳಾ ನದಿಯ ದಡದ ಹೊಲಗದ್ದೆಗಳ ಹಳ್ಳಿ; ಪಿಂಪರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿದ್ದು 1997ರಲ್ಲಿ. ಸ್ಕೂಟರು ಕೈಗೆ ಬಂದಂತೆಲ್ಲ ಸೈಕಲ್ಲು ಹಿಂದೆ ಸರಿಯಿತು. ಇಂದು ಕರ್ವೆ ನಗರದ ವಿಕ್ರಮ್ ಪೆಂಡ್ಸೆ ಸೈಕಲ್ ಸಂಗ್ರಹಾಲಯಕ್ಕೆ ಹೋದರೆ ಆ ಕಾಲದ ಸೈಕಲ್ಲುಗಳನ್ನು ಒಟ್ಟಿಗೆ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗತಕ್ಕ ಸ್ಥಳ.

ಆದರೆ ಗೋಡೆಗೆ ಇನ್ನೊಂದು ಮುಖವೂ ಇತ್ತು. ಗೋಡೆಯೊಳಗೆ ಸೈಕಲ್ಲಿನ ಸಂಖ್ಯೆ ಬೆಳೆಯಿತು, ಸೈಕಲ್ಲು ಬೆಳೆಯಲಿಲ್ಲ. ಅದೇ 28 ಇಂಚಿನ ಚಕ್ರ, ಅದೇ ಸರಳಿನ ಬ್ರೇಕು, ಅದೇ ಕಾಟರ್ ಪಿನ್ನು. ಹೊರಗಿನ ಜಗತ್ತು ಅಷ್ಟರಲ್ಲಿ ಬಹಳ ಮುಂದೆ ಹೋಗಿತ್ತು. 1964ರಲ್ಲಿ ಜಪಾನಿನ ಸನ್‌ಟೂರ್ ಕಂಪನಿ ಓರೆಯಾಗಿ ಚಲಿಸುವ ಹೊಸ ಬಗೆಯ ಗೇರು ಬದಲಿಸುವ ಯಂತ್ರವನ್ನು ತಂದಿತು. ಇಪ್ಪತ್ತು ವರ್ಷಗಳಲ್ಲಿ ಅದರ ಪೇಟೆಂಟು ಮುಗಿಯುತ್ತಲೇ ಶಿಮಾನೊ ಆ ಉಪಾಯವನ್ನು ತನ್ನ 'ಟಕ್' ಎಂದು ಕೂಡುವ ಗೇರಿನೊಡನೆ ಜೋಡಿಸಿ ಮಾರುಕಟ್ಟೆಯನ್ನೇ ಗೆದ್ದಿತು. ತೈವಾನಿನಲ್ಲಿ 1972ರಲ್ಲಿ ಜೈಂಟ್ ಕಂಪನಿ ಹುಟ್ಟಿತು. ಮೂರು ಗೇರಿನ ಹಬ್ಬಿಗೆ ಹೆಸರಾದ ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ 2000ದಲ್ಲಿ ತೈವಾನಿನ ಸನ್‌ರೇಸ್ ಪಾಲಾಯಿತು. ಒಂದು ಕಾಲಕ್ಕೆ ಬದಲಿ ಭಾಗ ಮಾಡಿಕೊಡುತ್ತಿದ್ದವರು ಮೂಲ ಒಡೆಯರನ್ನೇ ಕೊಂಡುಕೊಂಡರು.

ಸಕಾಯಿ ಮತ್ತು ಲುಧಿಯಾನ ಎರಡೂ ವಿಲಾಯತಿ ಸೈಕಲ್ಲಿನ ಬದಲಿ ಭಾಗಗಳಿಂದಲೇ ಬೆಳೆದ ಊರುಗಳು. ಒಂದು ಜಗತ್ತಿಗೆ ಅಳತೆ ಹಾಕಿಕೊಟ್ಟಿತು, ಇನ್ನೊಂದು ಹಳೆಯ ಅಳತೆಯನ್ನೇ ಕಾಪಾಡಿಕೊಂಡು ಬಂತು. ಇದು ಬುದ್ಧಿಯ ಕೊರತೆಯಲ್ಲ. ಜಪಾನೂ ತನ್ನ ಉದ್ಯೋಗಗಳಿಗೆ ರಕ್ಷಣೆ ಕೊಟ್ಟ ದೇಶವೇ. ಆದರೆ ಅಲ್ಲಿಯ ಕಾರ್ಖಾನೆಗಳು ಅಮೆರಿಕ, ಯುರೋಪುಗಳ ಗಿರಾಕಿಯ ಮುಂದೆ ಹೋಗಿ ನಿಲ್ಲಬೇಕಾಯಿತು. ಲುಧಿಯಾನದ ಮಾಲೂ ಆಫ್ರಿಕಾದ ತನಕ ಹೋಯಿತು, ಆದರೆ ಅಲ್ಲಿ ಬೇಕಾಗಿದ್ದದ್ದೂ ಇದೇ ಗಟ್ಟಿಮುಟ್ಟಾದ ಹಳೆಯ ಸೈಕಲ್ಲು. ಹೊಸದನ್ನು ಕೇಳುವವರಿಲ್ಲದಲ್ಲಿ ಹೊಸದನ್ನು ಮಾಡುವವರು ಹೇಗೆ ಹುಟ್ಟಿಯಾರು?

1991ರ ಆರ್ಥಿಕ ಸುಧಾರಣೆಗಳ ನಂತರ ಗೋಡೆ ಸ್ವಲ್ಪಸ್ವಲ್ಪವಾಗಿ ಇಳಿಯಿತು. 2001ರ ಏಪ್ರಿಲ್ 1ರಂದು, ಉಳಿದಿದ್ದ 715 ಬಗೆಯ ವಸ್ತುಗಳ ಆಮದಿನ ಮೇಲಿನ ಪ್ರಮಾಣದ ಮಿತಿಯನ್ನು ಸರಕಾರ ತೆಗೆದುಹಾಕಿತು. ಪರವಾನಿಗೆಯ ಜಾಗದಲ್ಲಿ ಸುಂಕ ಉಳಿಯಿತು. 2023ರ ಮುಂಗಡಪತ್ರದಲ್ಲಿ ಸಿದ್ಧ ಸೈಕಲ್ಲುಗಳ ಆಮದು ಸುಂಕವನ್ನು ಶೇಕಡಾ 30ರಿಂದ 35ಕ್ಕೆ ಏರಿಸಿದರು. ಇನ್ನೊಂದು ಕಡೆ 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಮತ್ತು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಇದು ಹವ್ಯಾಸದವರಿಗೆ ಮಾತ್ರ ಸಂಬಂಧಿಸಿದ ಲೆಕ್ಕವಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತಮನೆಗಳ ಹುಡುಗ ಹುಡುಗಿಯರು ಸೈಕಲ್ ಪಂದ್ಯಗಳಲ್ಲಿ ರಾಷ್ಟ್ರಮಟ್ಟದಲ್ಲಿ ಪದಕ ಗೆಲ್ಲುತ್ತ ಬಂದಿದ್ದಾರೆ. ಪಂದ್ಯದ ಸೈಕಲ್ಲು ಇಂದಿಗೂ ಬಹುಮಟ್ಟಿಗೆ ಆಮದಿನದು, ಅದರ ಬೆಲೆ ಲಕ್ಷಗಳಲ್ಲಿ. ಕಾಲಿನ ಬಲ ಊರಿನದಾದರೂ ಚಕ್ರಕ್ಕಾಗಿ ಪರದೇಶದ ಕಡೆ ನೋಡಬೇಕು. ಗೋಡೆಯೊಳಗಿನ ಆ ನಲವತ್ತು ವರ್ಷಗಳ ಬೆಲೆಯನ್ನು ತೆರುತ್ತಿರುವವರು ಈ ಮಕ್ಕಳು.

ಈಗ ವಾಕಡದ ತರುಣರ ಪ್ರಶ್ನೆಗೆ ಬರೋಣ. ಈ ಚರಿತ್ರೆಯಿಂದ ಮೂರು ಮಾತು ಹೊಳೆಯುತ್ತವೆ.

ಒಂದು, ನಿಮ್ಮ ಚೌಕಟ್ಟು ಯಾವ ಕಾಲದ್ದೆಂದು ಮೊದಲು ತಿಳಿಯಿರಿ. ಹಳೆಯ ಊರ ಸೈಕಲ್ಲಿನ ಚಕ್ರವನ್ನೂ 28 ಇಂಚು ಎನ್ನುತ್ತಾರೆ, ಈಗಿನ ಕೆಲವು ಚಕ್ರಗಳನ್ನೂ 28 ಎನ್ನುತ್ತಾರೆ. ಆದರೆ ಟಯರು ಕೂರುವ ರಿಮ್ಮಿನ ವ್ಯಾಸ ಮೊದಲಿನದರಲ್ಲಿ 635 ಮಿಲಿಮೀಟರ್, ಎರಡನೆಯದರಲ್ಲಿ 622. ಹೆಸರು ನೋಡಿ ತರಿಸಿದ ಟಯರು ಕೂರುವುದಿಲ್ಲ. ಜಪಾನಿನ ಹಬ್ಬಿಗೆ ಸಾಮಾನ್ಯವಾಗಿ 32 ಇಲ್ಲವೆ 36 ತೂತು; ನಮ್ಮ ಹಿಂದಿನ ರಿಮ್ಮಿಗೆ 40. ಹಬ್ಬಿನ ಅಗಲವೂ ಈಗ 130 ಅಥವಾ 135 ಮಿಲಿಮೀಟರಿಗೆ ಬೆಳೆದಿದೆ. ಹಳೆಯ ಚೌಕಟ್ಟಿನ ಹಿಂದಿನ ಕವಲು ಅದಕ್ಕಿಂತ ಕಿರಿದು. ಉಕ್ಕಿನ ಕವಲನ್ನು ಬಲ್ಲ ಮೇಸ್ತ್ರಿ ತುಸು ಅಗಲಿಸಬಲ್ಲ, ಅಲ್ಯುಮಿನಿಯಮ್ಮನ್ನು ಅಗಲಿಸಲೇಬಾರದು. ಇದಕ್ಕೆ ಪ್ರತಿಯಾಗಿ ಪೆಡಲ್ಲಿನ ಥ್ರೆಡ್ಡು ಮತ್ತು ತಿರುಗಿಸಿ ಕೂರಿಸುವ ಫ್ರೀವೀಲಿನ ಥ್ರೆಡ್ಡು ಇಂಗ್ಲಿಷರ ಲೆಕ್ಕದಲ್ಲಿಯೇ ಉಳಿದು ಜಗತ್ತಿಗೆಲ್ಲ ಹರಡಿವೆ. ಅಜ್ಜನ ಸೈಕಲ್ಲಿಗೆ ಜಪಾನಿನ ಪೆಡಲ್ಲು ನಿರಾತಂಕವಾಗಿ ಕೂರುತ್ತದೆ.

ಎರಡು, ಸುಂಕದ ಲೆಕ್ಕವನ್ನು ತಿಳಿಯಿರಿ. ಆಮದು ಸುಂಕವು ವಸ್ತುವಿನ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆಯನ್ನು ಕೂಡಿಸಿದ ಮೊತ್ತಕ್ಕೆ ಬೀಳುತ್ತದೆ, ಜಿ.ಎಸ್.ಟಿ. ಅದೆಲ್ಲದರ ಮೇಲೆ. ಉದಾಹರಣೆಗೆ 2,000 ರೂಪಾಯಿಯ ಭಾಗಕ್ಕೆ 1,500 ರೂಪಾಯಿ ಸಾಗಣೆಯಾದರೆ ಸುಂಕ ಬೀಳುವುದು 3,500ಕ್ಕೆ. ಆದ್ದರಿಂದ ರಿಮ್ಮು, ಕಡ್ಡಿ, ಮಡ್ಗಾರ್ಡು, ಕ್ಯಾರಿಯರುಗಳಂಥ ಭಾರದ, ಅಗಲದ ಸಾಮಾನನ್ನು ಇಲ್ಲಿಯೇ ಕೊಳ್ಳುವುದು ಲೇಸು. ಗೇರಿನ ಯಂತ್ರದಂತಹ ಚಿಕ್ಕ, ನಯವಾದ ಕೆಲಸದ ಸಾಮಾನು ಮಾತ್ರ ಹೊರಗಿನಿಂದ ಬರಲಿ. ಅದರಲ್ಲಿಯೂ ಇಲ್ಲಿಯ ವಿತರಕರ ಬೆಲೆಯೊಡನೆ ಹೋಲಿಸಿ ನೋಡಿದ ಮೇಲೆಯೇ.

ಮೂರು, ನೀವು ಹುಡುಕುವ ಪರದೇಶದ ಭಾಗ ಈಗಾಗಲೇ ಈ ದೇಶದಲ್ಲಿ ಬಿದ್ದಿರಬಹುದು. ನೂರು ವರ್ಷ ಹಡಗುಗಳಲ್ಲಿ ಬಂದ ಸರಕು ಎಲ್ಲಿ ಹೋದೀತು? ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ನೆರೆಯುತ್ತ ಬಂದ ಜುನಾ ಬಾಜಾರಿನಂತಹ ಸಂತೆಗಳಲ್ಲಿ, ಹಳೆಯ ಸೈಕಲ್ ಶಾಪುಗಳ ತಗಡಿನ ಡಬ್ಬಿಗಳಲ್ಲಿ, ನಮ್ಮ ನಮ್ಮ ಊರಿನ ಅಟ್ಟಗಳಲ್ಲಿ ಅದು ಉಳಿದಿದೆ. 1936ರಲ್ಲಿ ಹೊರಬಂದ ಸ್ಟರ್ಮಿ-ಆರ್ಚರ್ ಎ.ಡಬ್ಲ್ಯು. ಎಂಬ ಮೂರು ಗೇರಿನ ಹಬ್ಬು ಎಣ್ಣೆ ಕಂಡರೆ ಇಂದಿಗೂ ತಿರುಗುತ್ತದೆ. ಅದು ಹಳೆಯ ಕಿರಿದಾದ ಚೌಕಟ್ಟಿಗಾಗಿಯೇ ಹುಟ್ಟಿದ್ದು.

ನಮ್ಮ ಓದುಗರಲ್ಲಿ ಒಂದು ವಿನಂತಿ. ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಅಟ್ಟದ ಸೈಕಲ್ಲನ್ನು ಒಮ್ಮೆ ಇಳಿಸಿ ನೋಡಿ. ಮುಂದಿನ ಕೊಳವೆಯ ಮೇಲಿನ ಮುದ್ರೆಯ ಧೂಳು ಒರೆಸಿ ಓದಿ, ಹಬ್ಬಿನ ಮೇಲೆ ಕೆತ್ತಿದ ಅಕ್ಷರಗಳನ್ನು ಬರೆದುಕೊಳ್ಳಿ, ಕಡ್ಡಿಗಳನ್ನು ಮಕ್ಕಳಿಂದ ಎಣಿಸಿ. ಸಂಘದಲ್ಲಿ ನಾಲ್ಕು ಜನ ಕೂಡಿ ಇಂಥ ಪಟ್ಟಿಯೊಂದನ್ನು ಮಾಡಿಕೊಂಡರೆ ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಒದಗೀತು. ಸಕಾಯಿಯ ಕಮ್ಮಾರರೂ ಹೀಗೆಯೇ, ಕೆಟ್ಟುನಿಂತ ಪರದೇಶದ ಸೈಕಲ್ಲನ್ನು ಬಿಚ್ಚಿ ಅಳೆಯುವುದರಿಂದ ಆರಂಭಿಸಿದವರು. ವಾಕಡದ ಮನೆಯೊಂದರ ಬಾಲ್ಕನಿಯಲ್ಲಿ ಪಾನಾ ಹಿಡಿದು ಕುಳಿತ ಹುಡುಗಿಯೋ ಹುಡುಗನೋ ಮುಂದೆ ಯಾವ ಕಾರ್ಖಾನೆಯನ್ನು ತೆರೆಯುವರೋ ಯಾರು ಬಲ್ಲರು? ನಾವು ಕೊಡಬಹುದಾದದ್ದು ಬಿಚ್ಚಲು ಒಂದು ಹಳೆಯ ಸೈಕಲ್ಲು, ಮತ್ತು ಬಿಚ್ಚಿದ್ದನ್ನು ತಿರುಗಿ ಕೂಡಿಸುವ ತನಕ ಬೈಯದೆ ಕಾಯುವ ತಾಳ್ಮೆ.