ಇನ್ನೂ ಕೆಟ್ಟದ್ದು ಇಲ್ವಾ, ಆಂಟಿ?

ಹಳೇ ಸ್ವೆಟರು ಕೈಗೆ ಬಂದರೆ ನಾನು ಮೊದಲು ನೋಡುವುದು ಕತ್ತಿನ ಒಳಗಿನ ಚೀಟಿ. ಎದೆಯ ಮೇಲಿನ ಚಿತ್ರ ಆಮೇಲೆ. ಕೆನಡಾದ ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ, ದಾನಕ್ಕೆ ಬಂದ ಬಟ್ಟೆ ಮಾರುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹೆಣಿಗೆ ಬಟ್ಟೆ ವಿಂಗಡಿಸುವುದು ನನ್ನ ಕೆಲಸ. ನವೆಂಬರ್ ಬಂತೆಂದರೆ ಚೀಲ ಚೀಲವಾಗಿ ಕ್ರಿಸ್‌ಮಸ್ ಸ್ವೆಟರುಗಳು ಬಂದು ಬೀಳುತ್ತವೆ. ಚೀಟಿಯಲ್ಲಿ ‘ರ್‍ಯಾಮಿ 55%, ಹತ್ತಿ 45%’ ಎಂದಿದ್ದರೆ ಅದು ಬಹುಮಟ್ಟಿಗೆ 1980ರ ದಶಕದ ಮಾಲು.

ರ್‍ಯಾಮಿ ಎಂದರೆ ತುರಿಕೆ ಗಿಡದ ಕುಟುಂಬಕ್ಕೆ ಸೇರಿದ, ಚೀನಾದಲ್ಲಿ ಹೆಚ್ಚಾಗಿ ಬೆಳೆಯುವ ಗಿಡವೊಂದರ ನಾರು. ಅದಕ್ಕೂ ಕ್ರಿಸ್‌ಮಸ್ಸಿಗೂ ನಂಟು ಬೆಸೆದದ್ದು ವ್ಯಾಪಾರದ ಕಾಯಿದೆ. ಹತ್ತಿ, ಉಣ್ಣೆ, ಕೃತಕ ನೂಲಿನ ಉಡುಪು ಏಷ್ಯಾದಿಂದ ಇಷ್ಟೇ ಬರಬೇಕು ಎಂದು ಮಿತಿ ಹಾಕಲು 1974ರ ಅಂತರರಾಷ್ಟ್ರೀಯ ಜವಳಿ ಒಪ್ಪಂದ ಅಮೆರಿಕದಂಥ ದೇಶಗಳಿಗೆ ಅವಕಾಶ ಕೊಟ್ಟಿತ್ತು. ರ್‍ಯಾಮಿ ಆ ಪಟ್ಟಿಯಲ್ಲಿರಲಿಲ್ಲ. ಏಷ್ಯಾದ ಕಾರ್ಖಾನೆಗಳು ಇದನ್ನು ಬಿಟ್ಟಾವೆಯೇ? ಅರ್ಧಕ್ಕಿಂತ ತುಸು ಜಾಸ್ತಿ ರ್‍ಯಾಮಿ ಬೆರೆಸಿ ಸ್ವೆಟರು ಹೆಣೆದು ಹಡಗು ತುಂಬಿಸಿದವು. 1986ರಲ್ಲಿ ಒಪ್ಪಂದ ನವೀಕರಿಸುವಾಗ ರ್‍ಯಾಮಿಯನ್ನೂ ಪಟ್ಟಿಗೆ ಸೇರಿಸಿದರು. ಅಷ್ಟರಲ್ಲಿ ಚಿತ್ರವಿಚಿತ್ರ ಸ್ವೆಟರುಗಳು ಮನೆಮನೆಯ ಬೀರು ಸೇರಿದ್ದವು.

ಚಳಿಗಾಲದ ಚಿತ್ತಾರ ಹೆಣೆಯುವುದು ಅದಕ್ಕಿಂತ ಬಹಳ ಹಳೆಯದು. ನಾರ್ವೆಯ ಸೆಲ್ಬುವಿನಲ್ಲಿ ಮಾರಿತ್ ಎಮ್‌ಸ್ಟಾಡ್ ಎಂಬ ಹುಡುಗಿ 1857ರಲ್ಲಿ ಕೈಗವಸಿನ ಮೇಲೆ ಎಂಟೆಸಳಿನ ನಕ್ಷತ್ರ ಹೆಣೆದಳು. ಇಂದು ಲೋಕವೆಲ್ಲ ಹಿಮದ ಹರಳು ಎಂದುಕೊಳ್ಳುವ ಚಿತ್ತಾರಕ್ಕೆ ಅದೇ ಹಿರಿಯಕ್ಕ. 1950ರಲ್ಲಿ ಡ್ಯೂಪಾಂಟ್ ಕಂಪನಿಯ ಆರ್ಲಾನ್ ಎಂಬ ಅಕ್ರಿಲಿಕ್ ನೂಲು ಮಾರುಕಟ್ಟೆಗೆ ಬಂದ ಮೇಲೆ, ನುಸಿ ಹಿಡಿಯದ ಅಗ್ಗದ ಸ್ವೆಟರು ಎಲ್ಲರ ಕೈಗೂ ಎಟುಕಿತು. ಎಂಬತ್ತರ ದಶಕ ಇವೆಲ್ಲದರ ಮೇಲೆ ಚಮಕಿ, ಮಣಿ, ರಿಬ್ಬನ್ನು, ಗೆಜ್ಜೆ ಸುರಿಯಿತು. ಶಾಲೆಯ ಟೀಚರುಗಳು, ಅಜ್ಜಿಯಂದಿರು, ಬ್ಯಾಂಕಿನ ಗುಮಾಸ್ತೆಯರು ಹಬ್ಬದ ವಾರದಲ್ಲಿ ಅದನ್ನು ಸಡಗರದಿಂದಲೇ ತೊಟ್ಟರು. ಗೇಲಿ ಮಾಡಲೆಂದು ತೊಟ್ಟವರಲ್ಲ ಅವರು.

ಗೇಲಿ ಬಂದದ್ದು ಆಮೇಲೆ. 2001ರ ‘ಬ್ರಿಜೆಟ್ ಜೋನ್ಸಸ್ ಡೈರಿ’ ಸಿನಿಮಾದಲ್ಲಿ ಹಿಮಸಾರಂಗದ ಮೂತಿ ಇರುವ ಜಂಪರ್, ಅಂದರೆ ಸ್ವೆಟರು, ತೊಟ್ಟ ಕಾಲಿನ್ ಫರ್ತ್‌ನನ್ನು ಕಂಡು ಜನ ಬಿದ್ದುಬಿದ್ದು ನಕ್ಕರು. ಮರುವರ್ಷ, 2002ರಲ್ಲಿ, ವ್ಯಾಂಕೂವರಿನ ಗ್ರ್ಯಾನ್‌ವಿಲ್ ಬೀದಿಯ ಕಮೊಡೋರ್ ಬಾಲ್‌ರೂಮಿನಲ್ಲಿ ‘ಅಗ್ಲಿ ಕ್ರಿಸ್‌ಮಸ್ ಸ್ವೆಟರ್’ ಪಾರ್ಟಿ ನಡೆಯಿತು: ಎಷ್ಟು ಕುರೂಪದ ಸ್ವೆಟರೋ ಅಷ್ಟು ಮೇಲು. ಈ ಹುಚ್ಚಿಗೆ ತವರು ತಾನೇ ಎಂದು ವ್ಯಾಂಕೂವರ್ ಹೇಳಿಕೊಳ್ಳುವುದು ಅದರಿಂದಲೇ. ನಮ್ಮಂಥ ಅಂಗಡಿಗಳ ಪಾಲಿಗೆ ಅದು ಸುಗ್ಗಿ. ಯಾರೂ ಮೂಸಿ ನೋಡದಿದ್ದ ಸ್ವೆಟರುಗಳಿಗೆ ಹುಡುಗರು ಸಾಲುಗಟ್ಟಿದರು.

ಕಾರ್ಖಾನೆ ಸುಮ್ಮನಿದ್ದೀತೆ? ಬೇಕೆಂದೇ ಕುರೂಪವಾಗಿ ಹೆಣೆದ ಹೊಸ ಸ್ವೆಟರು ಮಾರಲು 2011ರಲ್ಲಿ ಅಮೆರಿಕದಲ್ಲಿ ಟಿಪ್ಸಿ ಎಲ್ವ್ಸ್ ಕಂಪನಿ ಹುಟ್ಟಿತು. 2012ರಲ್ಲಿ ಬ್ರಿಟನ್ನಿನ ಸೇವ್ ದ ಚಿಲ್ಡ್ರನ್ ಸಂಸ್ಥೆ ಮಕ್ಕಳಿಗಾಗಿ ಹಣ ಕೂಡಿಸಲು ಕ್ರಿಸ್‌ಮಸ್ ಜಂಪರ್ ದಿನ ಶುರುಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಅದೇ ನಾಡಿನ ಹಬಬ್ ಎಂಬ ಸಂಸ್ಥೆ 2019ರಲ್ಲಿ 108 ಜಂಪರುಗಳನ್ನು ಪರಿಶೀಲಿಸಿ, ಅವುಗಳಲ್ಲಿ 95% ಪೂರ್ತಿ ಇಲ್ಲವೇ ಭಾಗಶಃ ಪ್ಲಾಸ್ಟಿಕ್ ನೂಲಿನವು ಎಂದಿತು. ಐದರಲ್ಲಿ ಎರಡನ್ನು ಜನ ತೊಡುವುದು ಒಂದೇ ಸಲವಂತೆ.

ಕಳೆದ ಡಿಸೆಂಬರಿನಲ್ಲಿ ಇಲ್ಲಿ ಓದಲು ಬಂದಿರುವ ಹಾಸನದ ಹುಡುಗನೊಬ್ಬ ಅಂಥದೇ ಪಾರ್ಟಿಗೆಂದು ಸ್ವೆಟರು ಹುಡುಕಿಕೊಂಡು ಬಂದ. ಬಿಳೀ ಫೆಲ್ಟಿನ ಮಂಜಿನ ಬೊಂಬೆಗೆ ಕೈಯಲ್ಲೇ ಮಫ್ಲರು ಹೊಲಿದಿದ್ದ ಒಂದನ್ನು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, “ಇದು ಚೆನ್ನಾಗೇ ಇದೆ. ಇನ್ನೂ ಕೆಟ್ಟದ್ದು ಇಲ್ವಾ, ಆಂಟಿ?” ಎಂದ.

“ಕೆಟ್ಟದ್ದು ಬೇಕಾದ್ರೆ ನೀನೇ ಮಾಡ್ಕೋಬೇಕಪ್ಪ” ಎಂದೆ.

ಬೇಸ್ತು ಬಿದ್ದ. ಮೇಜಿನ ಮೂಲೆಯಲ್ಲಿ ಕೂರಿಸಿ ತೋರಿಸಿದೆ. ಸಾದಾ ಹಸಿರು ಸ್ವೆಟರಿನ ಹೊಟ್ಟೆಯೊಳಗೆ ರಟ್ಟು ತೂರಿಸಬೇಕು, ಇಲ್ಲದಿದ್ದರೆ ಸೂಜಿ ಎದೆಯನ್ನೂ ಬೆನ್ನನ್ನೂ ಸೇರಿಸಿ ಹೊಲಿದುಬಿಡುತ್ತದೆ. ಗ್ಲೂ ಗನ್ನಿನಲ್ಲಿ ಅಂಟಿಸಿದ್ದು ಒಗೆತಕ್ಕೆ ಹಾಕಿದರೆ ಕಿತ್ತು ಬರುತ್ತದೆ. ಅದಕ್ಕೇ ಫೆಲ್ಟ್ ಬಟ್ಟೆಯ ಅಂಚಿಗೆ ಕಾಜಾ ಹೊಲಿಗೆ. ಹೆಣಿಗೆ ಬಟ್ಟೆ ಎಳೆದರೆ ಹಿಗ್ಗುತ್ತದೆ, ಫೆಲ್ಟ್ ಹಿಗ್ಗುವುದಿಲ್ಲ. ದಾರ ಬಿಗಿಯಾದರೆ ಸುತ್ತ ಸುಕ್ಕು ಬೀಳುತ್ತದೆ. ಒಂದೊಂದು ಗೆಜ್ಜೆಗೂ ಜೋಡಿ ದಾರ, ಒಂದೊಂದಕ್ಕೂ ಬೇರೆ ಗಂಟು: ಒಂದು ಉದುರಿದರೆ ಉಳಿದವು ಉಳಿಯಬೇಕಲ್ಲ. ಮಿಣುಕು ದೀಪದ ಬ್ಯಾಟರಿಗೆ ಒಳಗಡೆ ಪಕ್ಕದ ಹೊಲಿಗೆಗೆ ಸೇರಿಸಿ ಚಿಕ್ಕ ಜೇಬು, ಒಗೆಯುವಾಗ ಬಿಚ್ಚಿ ತೆಗೆಯುವಂತೆ. ಅಕ್ರಿಲಿಕ್ ಆದರೆ ಬಿಸಿ ಇಸ್ತ್ರಿ ತಾಗಿಸುವ ಹಾಗಿಲ್ಲ. ಹುಡುಗ ಹೊಲಿದ ಹಿಮಸಾರಂಗ ಥೇಟ್ ಮೇಕೆಯಂತಿತ್ತು. ಪಾರ್ಟಿಗೆ ಅದೇ ಲಾಯಕ್ಕು.

ತಾನೇ ಹೊಲಿದು ತಾನೇ ತೊಟ್ಟವನು ನಗಿಸುವುದು ತನ್ನ ಕೈಗೆಲಸವನ್ನು ಮುಂದಿಟ್ಟು. ಯಾವಳೋ ಟೀಚರಮ್ಮ ಮೆಚ್ಚಿ ಕೊಂಡ, ಯಾವ ಊರಿನವಳೋ ಕೂತು ಒಂದೊಂದೇ ಮಣಿ ಪೋಣಿಸಿದ ಸ್ವೆಟರನ್ನು ತೊಟ್ಟು ನಗಿಸುವವನಿಗೆ ಆ ಹಕ್ಕು ಎಲ್ಲಿಂದ ಬಂತು ಎಂದು ನಾನು ಕೇಳುತ್ತೇನೆ. ಅಂಗಡಿಯಲ್ಲಿ ಡಿಸೆಂಬರಿಗೆಂದೇ ‘ಅಗ್ಲಿ’ ಎಂಬ ಫಲಕದ ಸಾಲೊಂದಿದೆ. ಕೈಹೊಲಿಗೆ ಕಂಡ ಸ್ವೆಟರನ್ನು ನಾನು ಅಲ್ಲಿ ನೇತುಹಾಕುವುದಿಲ್ಲ. ಹೆಂಗಸರ ಒಳ್ಳೆಯ ಬಟ್ಟೆಗಳ ಸಾಲಿನಲ್ಲಿ ಹಾಕಿ, ಬೆಲೆಯನ್ನೂ ಎರಡು ಡಾಲರ್ ಏರಿಸುತ್ತೇನೆ.