ಹೊಲಕ್ಕೆ ಗಡಿಕಲ್ಲು, ಮನೆಗೆ ಬಾಯಿಮಾತು

ನಿಡೋಣಿಯಿರಲಿ, ಬಬಲೇಶ್ವರ ಭಾಗದ ಬೇರೆ ಊರಿರಲಿ, ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ ಒಂದು ಮಾತು ಬಂದೇ ಬರುತ್ತದೆ: ‘ನಿಮ್ಮ ಗೋಡೆ ನಮ್ಮ ಜಾಗದಾಗ ಬಂದೈತಿ.’ ಟ್ರ್ಯಾಕ್ಟರ್ ಹತ್ತಿಸಲು ಹಾಕಿದ ಸಿಮೆಂಟ್ ಇಳಿಜಾರು ಗಟಾರದ ಮೇಲೆ ಬಂದರೆ ಇನ್ನೊಂದು ಜಗಳ. ಹೊಲದ ಗಡಿಗೆ ಸರ್ಕಾರಿ ನಕಾಶೆ ಇದೆ. ಮನೆಯ ಗಡಿಗೆ ಯಾಕಿರಲಿಲ್ಲ?

ಗಡಿ ಜಗಳ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ. ಆ ಸ್ಮೃತಿಯಲ್ಲಿ ಗಡಿ ಜಗಳಕ್ಕೇ ಒಂದು ಭಾಗವಿದೆ. ಅಕ್ಕಪಕ್ಕದವರು, ಹಿರಿಯರು, ದನಗಾಹಿಗಳನ್ನು ಕೇಳಿ ಗಡಿ ತೀರ್ಮಾನಿಸಬೇಕು. ಮರ, ಹುತ್ತ, ಇದ್ದಿಲು, ಹೊಟ್ಟು ಗಡಿಯ ಗುರುತು. ಇದ್ದಿಲು ನೆಲದೊಳಗೆ ಕೊಳೆಯುವುದಿಲ್ಲ.

ಬ್ರಿಟಿಷರ ಕಾಲಕ್ಕೆ ಸರಪಳಿ ಬಂತು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಶುರುಮಾಡಿದ ಮೋಜಣಿ ಪದ್ಧತಿ ಮುಂದೆ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಭಾಗಕ್ಕೂ ಬಂತು. ಸರಪಳಿ 33 ಅಡಿ, ಅದರಲ್ಲಿ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ 1 ಗುಂಟೆ. 40 ಗುಂಟೆಗೆ 1 ಎಕರೆ. ಆ ಲೆಕ್ಕ ಇಂದಿಗೂ ನಮ್ಮ ಪಹಣಿಯಲ್ಲಿದೆ.

ಆದರೆ ಅಳೆದದ್ದು ಕಂದಾಯಕ್ಕಾಗಿ. ಕಂದಾಯ ಬರುವುದು ಹೊಲದಿಂದ. ಹಾಗಾಗಿ ಹೊಲಕ್ಕೆ ಸರ್ವೆ ನಂಬರ್, ಗಡಿಕಲ್ಲು ಬಂದವು. ಮನೆಗಳಿರುವ ಗಾವಠಾಣ ನಕಾಶೆಯಲ್ಲಿ ಒಂದೇ ತುಂಡಾಗಿ ಉಳಿಯಿತು. ಒಳಗಿನ ಗಡಿ ಜನರ ನೆನಪಿಗೆ ಬಿಟ್ಟದ್ದು. ಮನೆಯ ಕಾಗದದಲ್ಲಿ ಚಕ್ಕುಬಂದಿ ಇರುತ್ತದೆ ನಿಜ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ. ಆದರೆ ಆ ಮನೆಯ ಗೋಡೆಯೇ ಸರಿದಿದ್ದರೆ? ಪಾವಟಿಗೆಗಳು ರಸ್ತೆಗೇ ಇಳಿದಿದ್ದರೆ?

ಈ ಕೊರತೆ ತುಂಬಲು 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಆರಂಭಿಸಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮೊದಲು ಜಾಗದ ಸುತ್ತ ಸುಣ್ಣದ ಗೆರೆ, ಆಮೇಲೆ ಮೇಲಿಂದ ಡ್ರೋನ್ ಫೋಟೊ, ಕರಡು ನಕಾಶೆ, ತಕರಾರಿಗೆ ಅವಕಾಶ, ಕೊನೆಗೆ ಆಸ್ತಿ ಕಾರ್ಡ್.

ಡ್ರೋನ್‌ಗೆ ಕಾಣುವುದು ಇವತ್ತಿನ ಗೋಡೆ, ಇವತ್ತಿನ ಬೇಲಿ. ನಿಮ್ಮಜ್ಜ ಬಿಟ್ಟಿದ್ದ ಎರಡಡಿ ಸಂದಿ ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ಓಣಿಯ ಹಿರಿಯರಿಗೆ. ಆದ್ದರಿಂದ ಸುಣ್ಣ ಹಾಕುವ ದಿನ ಪಕ್ಕದ ಮನೆಯವರನ್ನೂ ಹಿರಿಯರನ್ನೂ ಕರೆಯಿರಿ, ಟೇಪ್ ಹಿಡಿಯಿರಿ, ಒಪ್ಪಿದ್ದನ್ನು ಬರೆದು ಇಬ್ಬರೂ ಸಹಿ ಮಾಡಿ. ರಸ್ತೆಗೆ ಬಂದ ಇಳಿಜಾರನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅದು ಎಲ್ಲರ ಜಾಗ. ಸಾವಿರ ವರ್ಷದ ಹಿಂದೆಯೂ ಮೊದಲ ಸಾಕ್ಷಿ ನೆರೆಮನೆಯವರೇ ಆಗಿದ್ದರು.